ಒಂಬತ್ತು ಸಾಮಾನಿನ ಕೇಕು

ಆಗಸ್ಟಿನ ಮೊದಲರ್ಧ, ಯೇಸುವಿನ ತಾಯಿ ಮರಿಯಮ್ಮನ ಉಪವಾಸ ನಡೆಯುವಷ್ಟು ದಿನ, ಆ ಮನೆಯಲ್ಲಿ ಎಲ್ಲರ ತಟ್ಟೆಯೂ ಒಂದೇ. ಹಾಲಿಲ್ಲ, ಮೊಟ್ಟೆಯಿಲ್ಲ, ಚೀಸಿಲ್ಲ, ಮಾಂಸವಿಲ್ಲ. ಎಣ್ಣೆಯಲ್ಲಿ ಬೆಂದ ಹುರುಳಿಕಾಯಿ, ಅನ್ನ ತುಂಬಿ ಬೇಯಿಸಿದ ಟೊಮೇಟೊ, ಉಪ್ಪುನೀರಿನ ಆಲಿವ್, ಬ್ರೆಡ್ಡು. ಏಳು ತುಂಬಲಿದ್ದ ಫನೂಲಾ ಆ ದಿನಗಳಲ್ಲಿ ಮಾತ್ರ ಅಜ್ಜನ ತಟ್ಟೆಗೆ ಕೈ ಹಾಕಬಹುದಿತ್ತು.

“ಅಜ್ಜಾ, ಇದನ್ನ ತಿನ್ಲಾ?”

“ತಿನ್ನು ತಾಯಿ. ಹಬ್ಬದವರೆಗೆ ನೀನೂ ನಾನೂ ಒಂದೇ ಪಂಕ್ತಿ,” ಎನ್ನುತ್ತಿದ್ದ ಥ್ರಾಸೋಸ್.

ಹುಡುಗಿಗೆ ಹಾಲು ಆಗಿಬರುವುದಿಲ್ಲ, ಮೊಟ್ಟೆಯೂ ಆಗಿಬರುವುದಿಲ್ಲ. ಎರಡು ವರ್ಷದವಳಿದ್ದಾಗ ನೆಂಟರೊಬ್ಬರ ಮಗುವಿನ ದೀಕ್ಷಾಸ್ನಾನದಲ್ಲಿ ಯಾರೋ ಪ್ರೀತಿಯಿಂದ ಬಾಯಿಗಿಟ್ಟ ಒಂದು ಚಮಚ ಕ್ರೀಮು ಅವಳ ಗಂಟಲನ್ನು ಮುಚ್ಚಿತ್ತು. ಆಂಬುಲೆನ್ಸ್ ಗುಡ್ಡದ ರಸ್ತೆ ಇಳಿದು ಪಟ್ಟಣ ಸೇರುವವರೆಗೆ ತಾಯಿ ಅರ್ಗಿರೋ ಮಗುವಿನ ತುಟಿಯ ಬಣ್ಣವನ್ನೇ ನೋಡುತ್ತ ಕುಳಿತಿದ್ದಳು. ಮರುವಾರ ಭೂಮಾಪನ ಕಚೇರಿಯ ಕೆಲಸ ಬಿಟ್ಟಳು. ಅಂದಿನಿಂದ ಅವಳ ಕೆಲಸ ಕಾವಲು.

ಮನೆಗೆ ಎರಡು ಅಂತಸ್ತು. ಮೇಲೆ ಅರ್ಗಿರೋ ಮತ್ತು ಗಂಡ ಲೆಫ್ತೇರಿಸ್, ಕೆಳಗೆ ಅತ್ತೆ ಝಂಬೆತಾ ಮತ್ತು ಮಾವ ಥ್ರಾಸೋಸ್. ಅಡುಗೆಮನೆ ಎರಡು, ಊಟದ ಮೇಜು ಒಂದು, ಅದು ಕೆಳಗೆ. ಮೇಲೆ ಚಮಚ ಬಿದ್ದರೆ ಕೆಳಗೆ ಕೇಳುತ್ತಿತ್ತು.

ಹಬ್ಬದ ದಿನ ಪೂಜೆ ಮುಗಿದು ಬಂದವರೇ ಉಪವಾಸ ಬಿಟ್ಟರು. ಚೀಸು ಮೇಜಿಗೆ ಬಂತು. ಫನೂಲಾಳ ತಟ್ಟೆ ಮೇಜಿನ ತುದಿಗೆ ಸರಿಯಿತು. ಅವಳ ಹಸಿರು ಲೋಟ, ಹಸಿರು ಹಿಡಿಯ ಚಮಚ ಅದರ ಜೊತೆ ಹೋದವು.

“ಮರಿಯಮ್ಮ ಇನ್ನೊಂದು ಹದಿನೈದು ದಿನ ತಡವಾಗಿ ಸ್ವರ್ಗಕ್ಕೆ ಹೋಗಬಾರದಿತ್ತಾ?” ಎಂದಳು ಹುಡುಗಿ.

“ಬಿಡ್ತು ಅನ್ನು!” ಎಂದು ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು. ಅಜ್ಜ ನಕ್ಕ. ಅರ್ಗಿರೋ ನಗಲಿಲ್ಲ, ಮಾವನ ಗಡ್ಡಕ್ಕೆ ಅಂಟಿದ್ದ ಚೀಸಿನ ಪುಡಿಯನ್ನು ನೋಡುತ್ತಿದ್ದಳು.

“ಮಾವ, ಅವಳಿಗೆ ಮುತ್ತು ಕೊಡೋ ಮೊದಲು ಮುಖ ತೊಳ್ಕೊಳ್ಳಿ.”

“ತೊಳ್ಕೋತೀನಮ್ಮ. ಸತ್ತಾಗ ಹೆಣ ತೊಳೆಯೋರಿಗೆ ಕೆಲಸವೇ ಉಳಿಯಲ್ಲ, ಅಷ್ಟು ತೊಳೆದಿದ್ದೀನಿ.”

ಆ ತಿಂಗಳ ಇಪ್ಪತ್ತೇಳು ಫನೂರಿಯೋಸ್ ಸಂತನ ದಿನ. ಹುಡುಗಿ ಹುಟ್ಟಿದ್ದೂ ಅಂದೇ. ಕಳೆದುಹೋದದ್ದನ್ನು ತೋರಿಸಿಕೊಡುವ ಸಂತ ಅವನು. ಅರ್ಗಿರೋಗೆ ಬಸಿರು ನಿಲ್ಲದೆ ಎರಡು ಸಲ ಹೋದ ಮೇಲೆ ಝಂಬೆತಾ ಅವನಿಗೆ ಹರಕೆ ಹೊತ್ತಿದ್ದಳು: ಮಗು ಉಳಿದರೆ ನಿನ್ನ ಹೆಸರು, ಪ್ರತಿವರ್ಷ ನಿನ್ನ ಕೇಕು, ಒಂಬತ್ತು ಸಾಮಾನಿನದು. ಸಂತನ ಕೇಕಿನ ಸಾಮಾನು ಬೆಸವಾಗಿರಬೇಕು. ಕೆಲವು ಮನೆಗಳಲ್ಲಿ ಏಳು, ಕೆಲವು ಮನೆಗಳಲ್ಲಿ ಒಂಬತ್ತು. ಅದಕ್ಕೆ ಹಾಲು ಬೆಣ್ಣೆ ಮೊಟ್ಟೆ ಸೋಕಿಸುವಂತಿಲ್ಲ. ಮಗುವಿಗೆ ಏನು ಆಗಿಬರುವುದಿಲ್ಲವೆಂದು ಡಾಕ್ಟರು ಹೇಳಿದ ದಿನ ಝಂಬೆತಾ ಅತ್ತಿರಲಿಲ್ಲ. “ಸಂತನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಇವಳು ತಿನ್ನೋ ಕೇಕನ್ನೇ ನನ್ನ ಬಾಯಲ್ಲಿ ಹರಕೆ ಮಾಡಿಸಿದ,” ಎಂದಿದ್ದಳು. ಊರಿನಲ್ಲಿ ಆ ಹುಡುಗಿ ತಿನ್ನಬಹುದಾದ ಹುಟ್ಟುಹಬ್ಬದ ಕೇಕು ಅದೊಂದೇ.

ಹಿಟ್ಟು ಕಲಸುವಾಗ ಝಂಬೆತಾ ತನ್ನ ತಾಯಿಯಿಂದ ಬಂದ ಪದ ಹೇಳುತ್ತಿದ್ದಳು. ಮರುದಿನ ಕೇಕು ಕೊಯ್ದು ಮಕ್ಕಳ ಮುಂದಿಟ್ಟು, ಬಾಯಿಗಿಡುವ ಮೊದಲು ಅದನ್ನೇ ಮತ್ತೊಮ್ಮೆ ಹೇಳಿಸುತ್ತಿದ್ದಳು, ಒಂದೊಂದಕ್ಕೆ ಒಂದೊಂದು ಬೆರಳು ಎತ್ತಿಸಿ:

ಒಂದು ಹಿಟ್ಟು, ಗಾಳಿ ಬೀಸಿದ್ದು,
ಎರಡು ಎಣ್ಣೆ, ಅಜ್ಜ ಹಿಂಡಿದ್ದು,
ಮೂರು ಸಕ್ಕರೆ, ಮಗಳು ಬೇಡಿದ್ದು,
ನಾಲ್ಕು ಕಿತ್ತಳೆ, ಕೊಂಬೆ ಕೊಟ್ಟದ್ದು,
ಐದು ದಾಲ್ಚಿನ್ನಿ, ಹಡಗು ತಂದದ್ದು,
ಆರು ಲವಂಗ, ಮೊಳೆ ಹೊಡೆದದ್ದು,
ಏಳು ದ್ರಾಕ್ಷಿ, ಬಿಸಿಲು ಸುಟ್ಟದ್ದು,
ಎಂಟು ಸೋಡಾ, ಉಸಿರು ಬಿಟ್ಟದ್ದು,
ಒಂಬತ್ತು ಅಕ್ರೋಟು, ಕಲ್ಲು ಒಡೆದದ್ದು,
ಕಳೆದದ್ದು ಸಿಗಲಿ, ಸಂತನ ತಾಯಿಯ ಪಾಪ ಕಳೆಯಲಿ.

ಕೊನೆಯ ಸಾಲಿಗೆ ಮಕ್ಕಳು ಕೂಗಿ, ಕೇಕಿಗೆ ಬಾಯಿ ಹಾಕುವುದು. ಪಾಪಿಯಾಗಿ ಸತ್ತ ಆ ಸಂತನ ತಾಯಿಗಾಗಿಯೇ ಊರೆಲ್ಲ ಕೇಕು ಬೇಯಿಸುವುದು.

ವರ್ಷ ಹೋದಂತೆ ಬರುವ ಮಕ್ಕಳು ಕಡಿಮೆಯಾಗಿದ್ದರು. ಗೇಟಿನ ನಲ್ಲಿಯಲ್ಲಿ ಕೈ ಬಾಯಿ ತೊಳೆಸಿ, ಜೇಬು ತಡವಿ ಒಳಗೆ ಬಿಡುತ್ತಿದ್ದಳು ಅರ್ಗಿರೋ. “ಆ ಮನೆಗೆ ಹೋಗೋದೂ ಒಂದೇ, ಆಪರೇಷನ್ ಕೋಣೆಗೆ ಹೋಗೋದೂ ಒಂದೇ,” ಎಂದು ಬೇಕರಿಯ ಮುಂದೆ ತಾಯಂದಿರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಅವರ ಮನೆಗಳಿಗೆ ಫನೂಲಾಳನ್ನು ಕರೆಯುತ್ತಿರಲಿಲ್ಲ. “ನಿಮ್ಮ ಮೇಲೆ ಬೇಜಾರಿಲ್ಲ ಕಣ್ರೀ. ನಮ್ಮನೇಲಿ ಏನಾದ್ರೂ ಆಗಿಬಿಟ್ರೆ ಅನ್ನೋ ಭಯ ಅಷ್ಟೇ,” ಎನ್ನುತ್ತಿದ್ದರು. ಮಾತು ಮರ್ಯಾದೆಯದೇ. ಬಾಗಿಲು ಮುಚ್ಚಿರುತ್ತಿತ್ತು.

ಹೋದ ಶರತ್ಕಾಲದಲ್ಲಿ ಊರಿನ ಔಷಧಿ ಅಂಗಡಿಗೆ ಯೂಲಿಯಾ ಎಂಬವಳು ಕೆಲಸಕ್ಕೆ ಬಂದಳು. ಅವಳ ಮಗಳು ಮಿರ್ಸಿನಿ ಫನೂಲಾಳ ಬೆಂಚಿಗೇ ಬಂದು ಕುಳಿತಳು. ಮಿರ್ಸಿನಿಗೆ ಅಕ್ರೋಟು, ಬಾದಾಮಿ, ಪಿಸ್ತಾ ಯಾವುದೂ ಆಗಿಬರದು, ಎಳ್ಳೂ ಆಗಿಬರದು. ಇಬ್ಬರು ಹುಡುಗಿಯರು ಮೊದಲ ದಿನವೇ ಚೀಲ ತೆರೆದು ಗಂಟಲು ಕಟ್ಟಿದರೆ ಚುಚ್ಚಿಕೊಳ್ಳಲು ಇಟ್ಟಿದ್ದ ತಮ್ಮ ತಮ್ಮ ಚುಚ್ಚುಮದ್ದಿನ ಪೆನ್ನು ತೋರಿಸಿಕೊಂಡರಂತೆ. ಜೂನ್ ತಿಂಗಳಲ್ಲಿ ಮಿರ್ಸಿನಿಯ ಹುಟ್ಟುಹಬ್ಬಕ್ಕೆ ಕರೆ ಬಂತು. ಫನೂಲಾ ಬೇರೆಯವರ ಮನೆಯ ಪಾರ್ಟಿಗೆ ಹೋದದ್ದು ಅದೇ ಮೊದಲು. ಯೂಲಿಯಾ ಕಲ್ಲಂಗಡಿಯನ್ನು ಕೇಕಿನ ಹಾಗೆ ಕೊರೆದು ಮೇಣದಬತ್ತಿ ಸಿಕ್ಕಿಸಿದ್ದಳು. ಅರ್ಗಿರೋಳನ್ನು ಅಡುಗೆಮನೆಗೆ ಕರೆದು ಕಪಾಟುಗಳನ್ನೆಲ್ಲ ತೆರೆದಿಟ್ಟು, “ನೋಡ್ಕೊಳ್ಳಿ. ಮೂಸಿ ಬೇಕಾದ್ರೂ ನೋಡಿ. ನಾನಾಗಿದ್ರೂ ನೋಡ್ತಿದ್ದೆ,” ಎಂದಿದ್ದಳು.

ಅರ್ಗಿರೋ ಆ ದಿನ ಪರರ ಸೋಫಾದ ಮೇಲೆ ಬೆನ್ನು ಒರಗಿಸಿ ಕುಳಿತು ಕಾಫಿ ಕುಡಿದಳು. ಹೊರಡುವಾಗ ಯೂಲಿಯಾ ಹೇಳಿದಳು: “ಸ್ಕೂಲು ಶುರುವಾದ ಮೇಲೆ ವಾರಕ್ಕೆ ಮೂರು ಮಧ್ಯಾಹ್ನ ಫನೂಲಾ ನಮ್ಮನೇಲಿರ್ಲಿ. ಉಳಿದ ಎರಡು ದಿನ ಮಿರ್ಸಿನಿ ನಿಮ್ಮ ಮನೇಲಿ. ನೀವೂ ಕೆಲಸಕ್ಕೆ ಹೋಗಬಹುದು.”

ಭೂಮಾಪನ ಕಚೇರಿಯವರಿಗೆ ಅರ್ಗಿರೋ ಫೋನ್ ಮಾಡಿದಳು. ಸೆಪ್ಟೆಂಬರಿನಲ್ಲಿ ಬಾ, ಜಾಗ ಇದೆ ಎಂದರು. ಗಂಡನಿಗೆ ಹೇಳಿದಳು, ಅತ್ತೆಗೆ ಹೇಳಲಿಲ್ಲ. ಆದರೆ ಮನೆ ಅಂಥದ್ದು, ಅತ್ತೆಗೂ ಕೇಳಿತ್ತು.

ಹಬ್ಬದ ಮರುವಾರ ಊಟದ ಮೇಜಿನಲ್ಲಿ ಅರ್ಗಿರೋ ಮಾತು ತೆಗೆದಳು.

“ಅತ್ತೆ, ಈ ಸಲ ಕೇಕಿಗೆ ಅಕ್ರೋಟು ಬೇಡ. ಮಿರ್ಸಿನಿ ಬರ್ತಾಳೆ.”

ಝಂಬೆತಾ ಬ್ರೆಡ್ಡು ಮುರಿಯುತ್ತಿದ್ದವಳು ಹಾಗೇ ನಿಂತಳು. “ಅಕ್ರೋಟು ಬಿಟ್ಟರೆ ಎಂಟಾಗತ್ತೆ.”

“ಇನ್ನೊಂದು ತೆಗೆದುಬಿಡಿ. ಏಳಾಗತ್ತೆ. ಎಷ್ಟೋ ಮನೇಲಿ ಏಳೇ.”

“ಎಷ್ಟೋ ಮನೇಲಿ ಮೊಮ್ಮಗಳು ಸುಮ್ಮನೆ ಹುಟ್ಟಿರ್ತಾಳೆ. ಈ ಮನೇಲಿ ಒಂಬತ್ತಕ್ಕೆ ಹುಟ್ಟಿದ್ದು.”

“ನೀರು ಸೇರಿಸಿ ಲೆಕ್ಕ ಹಾಕಮ್ಮ,” ಎಂದ ಲೆಫ್ತೇರಿಸ್. ಹೋಟೆಲುಗಳ ವಿದ್ಯುತ್ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ, ಅಂಗೈಯೆಲ್ಲ ಕಪ್ಪು.

“ನೀರು ಲೆಕ್ಕಕ್ಕಿಲ್ಲ. ಉಪ್ಪೂ ಲೆಕ್ಕಕ್ಕಿಲ್ಲ.”

“ನನ್ನ ಬೆವರು ಹಾಕು. ಅದರಲ್ಲಿ ಎರಡೂ ಇದೆ,” ಎಂದ ಥ್ರಾಸೋಸ್.

“ನೀವು ಬಾಯಿ ಮುಚ್ಚಿ ತಿನ್ನಿ! ನೋಡು ಅರ್ಗಿರೋ, ನಾಲ್ಕು ವರ್ಷ ನಾನು ಕಲಸೋವಾಗ ನೀನು ಬಾಗಿಲಲ್ಲಿ ನಿಂತಿದ್ದೀ. ನನ್ನ ಚಮಚ, ನನ್ನ ಬಟ್ಟಲು, ನನ್ನ ಉಗುರು ನೋಡಿದ್ದೀ. ಒಂದು ದಿನ ಏನಾದ್ರೂ ಅಂದ್ನಾ? ನನ್ನ ಮನೇಲಿ ನನ್ನನ್ನ ಕಳ್ಳಿ ಹಾಗೆ ಕಾದೆ. ಈಗ ಊರಿಗೆ ನಿನ್ನೆ ಮೊನ್ನೆ ಬಂದೋಳ ಮಗಳಿಗೋಸ್ಕರ ಸಂತನ ಕೇಕಿಗೂ ಕತ್ತರಿ ಹಾಕ್ತೀಯ?”

“ಆ ಮಗು ಸತ್ತುಹೋಗತ್ತೆ ಅತ್ತೆ!”

ತುದಿಯಲ್ಲಿ ಕುಳಿತಿದ್ದ ಫನೂಲಾ ಹಸಿರು ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು.

“ಅಜ್ಜಿ, ಮಿರ್ಸಿನಿ ಬರದಿದ್ರೆ ನನಗೆ ಕೇಕೇ ಬೇಡ.”

ಝಂಬೆತಾ ಬಹಳ ಹೊತ್ತು ಮೊಮ್ಮಗಳನ್ನು ನೋಡಿದಳು. “ಆಯ್ತು. ಅಕ್ರೋಟು ಹಾಕಲ್ಲ. ಎಂಟರದೇ ಆಗಲಿ,” ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಆದರೆ ಈ ಸಲ ಬಾಗಿಲಲ್ಲಿ ನಿಂತ್ಕೋಬೇಡ. ನನ್ನ ಪಾಡಿಗೆ ನನ್ನ ಬಿಡು.”

“ಆಯ್ತು ಅತ್ತೆ. ನಿಲ್ಲಲ್ಲ.”

ಎಳ್ಳಿನ ಮಾತು ಅರ್ಗಿರೋಳ ನಾಲಿಗೆಯ ತುದಿಯವರೆಗೆ ಬಂತು. ಸಂತನ ಕೇಕಿಗೆ ಎಳ್ಳು ಎಂದೂ ಬಿದ್ದದ್ದಿಲ್ಲ. ಗೆದ್ದ ಮೇಲೆ ಇನ್ನೊಂದು ಜಗಳ ಯಾಕೆ? ಮೆಟ್ಟಿಲು ಹತ್ತಿ ಮೇಲೆ ಹೋದಳು. ತನ್ನ ಅಡುಗೆಮನೆಯಲ್ಲಿದ್ದ ಎಳ್ಳು ಮೆತ್ತಿದ ಬ್ರೆಡ್ ಬಳೆಗಳನ್ನೂ ಎಳ್ಳಿನ ಹಲ್ವಾವನ್ನೂ ಕಟ್ಟಿ ಗಂಡನ ಕೈಗೆ ಕೊಟ್ಟು, “ಕೆಲಸದವರಿಗೆ ಹಂಚಿಬಿಡು,” ಎಂದಳು. ಕೆಳಗಿನ ಮನೆಯ ಕಪಾಟು ತೆರೆದು ನೋಡಲಿಲ್ಲ. ನಿಲ್ಲುವುದಿಲ್ಲವೆಂದು ಮಾತು ಕೊಟ್ಟಾಗಿತ್ತು.

ಇಪ್ಪತ್ತಾರರ ಸಂಜೆ ಕೆಳಗಿನಿಂದ ಕಿತ್ತಳೆ ಮತ್ತು ಲವಂಗದ ವಾಸನೆ ಏರಿ ಬಂತು. ಪದ ಮಾತ್ರ ಕೇಳಲಿಲ್ಲ. ಅರ್ಗಿರೋ ಬಲೂನು ಊದುತ್ತ ಕಿವಿಗೊಟ್ಟಳು. ಮುದುಕಿ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಾಳೆ, ಎಂಟಕ್ಕೆ ನಿಲ್ಲಿಸಲು ಸಂಕಟವಾಗುತ್ತಿರಬೇಕು ಎಂದುಕೊಂಡಳು. ಕೆಳಗಿಳಿದು ಒಂದು ಒಳ್ಳೆಯ ಮಾತು ಆಡೋಣವೆನ್ನಿಸಿತು. ಮಾತು ಕೊಟ್ಟದ್ದು ನೆನಪಾಗಿ ಕುಳಿತೇ ಇದ್ದಳು.

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಊರಿನ ಕೇಕುಗಳ ಸಾಲಿನಲ್ಲಿ ಝಂಬೆತಾಳದನ್ನೂ ಇಟ್ಟು ಪಾದ್ರಿ ಮಂತ್ರಿಸಿದರು. ಸಂಜೆ ಅಂಗಳದ ಬಳ್ಳಿಚಪ್ಪರದ ಕೆಳಗೆ ಮಕ್ಕಳು ಸೇರಿದರು. ನಲ್ಲಿಯ ಬಳಿ ಅರ್ಗಿರೋ ಕೈ ತೊಳೆಸಿದಳು. ಈ ಸಲ ಯೂಲಿಯಾಳೂ ಪಕ್ಕದಲ್ಲಿ ನಿಂತು ಸೋಪು ಹಿಡಿದಳು. ಇಬ್ಬರಿಗೂ ನಗು ಬಂತು.

“ನಾವಿಬ್ಬರು ಸುಂಕದ ಕಟ್ಟೆಯವರ ಹಾಗೆ ಕಾಣ್ತೀವಿ,” ಎಂದಳು ಯೂಲಿಯಾ. ಆಮೇಲೆ ದನಿ ಇಳಿಸಿ, “ಕೇಕಿಗೆ ಏನೇನು?”

ಅರ್ಗಿರೋ ಹೇಳಿದಳು. ಹಿಟ್ಟು, ಎಣ್ಣೆ, ಸಕ್ಕರೆ, ಕಿತ್ತಳೆ, ದಾಲ್ಚಿನ್ನಿ, ಲವಂಗ, ದ್ರಾಕ್ಷಿ, ಸೋಡಾ. “ಅಕ್ರೋಟು ಇಲ್ಲ. ಅತ್ತೆಯೇ ಒಪ್ಪಿಕೊಂಡ್ರು.”

“ನೀವು ಹೇಳಿದ್ರೆ ಸಾಕು. ಇನ್ಯಾರು ಹೇಳಿದ್ರೂ ನಾನು ಅಡುಗೆಮನೆ ನೋಡ್ತಿದ್ದೆ.”

ಝಂಬೆತಾ ಕೇಕು ಕೊಯ್ದು ಒಂದೊಂದು ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ಮಕ್ಕಳ ಮಡಿಲಿಗೆ ಕೊಟ್ಟಳು. ಹೊಸ ಏಪ್ರನ್ ಕಟ್ಟಿದ್ದಳು. ಮಿರ್ಸಿನಿಗೆ ನಡುವಿನ ತುಂಡು, ಎಲ್ಲಕ್ಕಿಂತ ದೊಡ್ಡದು. “ನಿನಗೇ ಅಂತ ಮಾಡಿದ್ದು ಪುಟ್ಟಾ. ಪದ ಮುಗಿಯೋವರೆಗೆ ಬಾಯಿಗಿಡಬೇಡ. ಬೆರಳು ಎತ್ತು.”

ಮಕ್ಕಳು ಬೆರಳು ಎತ್ತಿದರು. ಮುದುಕಿಯ ದನಿ ಸ್ಪಷ್ಟವಾಗಿತ್ತು. ಅರ್ಗಿರೋ ಗೋಡೆಗೆ ಒರಗಿ ಕೇಳುತ್ತಿದ್ದಳು. ಏಳು ದ್ರಾಕ್ಷಿ, ಬಿಸಿಲು ಸುಟ್ಟದ್ದು. ಎಂಟು ಸೋಡಾ, ಉಸಿರು ಬಿಟ್ಟದ್ದು. ಇಲ್ಲಿಗೆ ನಿಲ್ಲಬೇಕು. ಎಂಟಕ್ಕೆ ನಿಂತ ಪದ ಹೇಗೆ ಕೇಳಿಸೀತೋ ಎಂದು ಅವಳು ಅತ್ತೆಗಾಗಿ ಉಸಿರು ಹಿಡಿದಳು.

“ಒಂಬತ್ತು ಎಳ್ಳು, ಗಾಣ ಅರೆದದ್ದು!”

ಮಕ್ಕಳು ಒಂಬತ್ತನೆಯ ಬೆರಳು ಎತ್ತಿ ಕೂಗಿದರು. ಅಜ್ಜಿಯ ಕೊನೆಯ ಸಾಲು ಆ ಕೂಗಿನಲ್ಲಿ ಮುಳುಗಿತು. ಮಿರ್ಸಿನಿ ತುಂಡನ್ನು ಎತ್ತಿ ಬಾಯಿಯ ಹತ್ತಿರ ತಂದಿದ್ದಳು.

ಅರ್ಗಿರೋ ಅಂಗಳ ದಾಟಿದ್ದು ಯಾರಿಗೂ ಕಾಣಲಿಲ್ಲ. ಬಡಿದ ಸದ್ದು ಮಾತ್ರ ಕೇಳಿತು. ಕೇಕು ಹಾರಿ ಕಲ್ಲುಹಾಸಿನ ಮೇಲೆ ಪುಡಿಯಾಯಿತು. ಮಿರ್ಸಿನಿಯ ಕೆನ್ನೆಯ ಮೇಲೆ ಬೆರಳಚ್ಚು ಮೂಡಿತು. ಹುಡುಗಿ ಒಂದು ಕ್ಷಣ ಬೆರಗಾಗಿ ನೋಡಿ, ಆಮೇಲೆ ಅತ್ತಳು.

“ಎಳ್ಳಿದೆ! ಯೂಲಿಯಾ, ಎಳ್ಳಿದೆ ಅದರಲ್ಲಿ!”

ಯೂಲಿಯಾ ಕೂಗಲಿಲ್ಲ. ಮಗಳ ತುಟಿ ಒರೆಸಿದಳು, ಬಾಯಿ ತೆರೆಸಿ ನೋಡಿದಳು, ಕೈ ತೊಳೆಸಿದಳು, ಎತ್ತಿಕೊಂಡು ಕಾರಿಗೆ ನಡೆದಳು. ಮಾಡಿದ್ದೆಲ್ಲ ಅರ್ಗಿರೋ ಮಾಡುತ್ತಿದ್ದ ಹಾಗೆಯೇ, ಅದೇ ಕ್ರಮದಲ್ಲಿ. ಉಳಿದ ಮಕ್ಕಳ ತಾಯಂದಿರೂ ಚೀಲ ಹುಡುಕತೊಡಗಿದರು. ಬಲೂನು ಬಿಚ್ಚಿ ಕೈಗೆ ಕೊಡುವುದಕ್ಕೂ ಯಾರೂ ನಿಲ್ಲಲಿಲ್ಲ.

ಅಂಗಳ ಖಾಲಿಯಾದಾಗ ಝಂಬೆತಾ ಮಂಡಿಯೂರಿ ಕುಳಿತಿದ್ದಳು. ಮಂತ್ರಿಸಿದ್ದನ್ನು ಗುಡಿಸುವಂತಿಲ್ಲ, ಕಸಕ್ಕೆ ಹಾಕುವಂತಿಲ್ಲ. ಕಲ್ಲಿನ ಸಂದುಗಳಿಂದ ಪುಡಿಯನ್ನು ಉಗುರಿನಿಂದ ಕೆದಕಿ ಕೆದಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

“ಯಾಕೆ ಹಾಕಿದ್ರಿ?” ಅರ್ಗಿರೋ ಕೇಳಿದಳು.

“ಎಂಟರದ್ದನ್ನ ಸಂತನ ಮುಂದೆ ಇಡೋಕೆ ಕೈ ಬರಲಿಲ್ಲ. ಬಾದಾಮಿ ಮುಟ್ಟಲಿಲ್ಲ, ಪಿಸ್ತಾ ಮುಟ್ಟಲಿಲ್ಲ. ಯೋಚನೆ ಮಾಡಿದೆ ಕಣೇ. ಎಳ್ಳು ಕಾಯಲ್ಲವಲ್ಲ, ಒಡೆಯೋದಲ್ಲವಲ್ಲ, ಅದು ಸಾಧು ಅಂದ್ಕೊಂಡೆ. ಅರೆದು ಎಣ್ಣೆ ಬಿಟ್ಟಿದ್ದನ್ನ ಮೂರು ಚಮಚ ಹಾಕಿದೆ.”

“ಹೇಳಬಾರದಿತ್ತಾ?”

“ಹೇಳಿದ್ರೆ ಇನ್ನೊಂದು ಜಗಳ ಅಂತ ಸುಮ್ಮನಾದೆ.” ಮುದುಕಿ ತಲೆಯೆತ್ತಿದಳು. “ನೀನು ಅಕ್ರೋಟು ಅಂದೆ. ಎಳ್ಳು ಅಂದ್ಯಾ?”

ಅರ್ಗಿರೋ ಕಲ್ಲುಹಾಸಿನ ಮೇಲಿನ ಪುಡಿಯನ್ನು ನೋಡಿದಳು.

“ಅಂದ್ಯಾ?”

“ಅನ್ನಲಿಲ್ಲ.”

ಅವಳೂ ಮಂಡಿಯೂರಿದಳು. ಇಬ್ಬರೂ ಕಲ್ಲಿನ ಸಂದು ಕೆದಕಿದರು. ಕತ್ತಲಾಗುತ್ತ ಬಂದಾಗ ಥ್ರಾಸೋಸ್ ಚಪ್ಪರದ ದೀಪ ಹಾಕಿದ.

ಮಿರ್ಸಿನಿಗೆ ಏನೂ ಆಗಲಿಲ್ಲ. ಯೂಲಿಯಾ ಆರೋಗ್ಯ ಕೇಂದ್ರದ ಮುಂದೆ ಕಾರು ನಿಲ್ಲಿಸಿಕೊಂಡು ಬಹಳ ಹೊತ್ತು ಕಾದು ಮನೆಗೆ ಹೋದಳಂತೆ. ಮರುದಿನ ಅರ್ಗಿರೋ ಔಷಧಿ ಅಂಗಡಿಗೆ ಹೋದಳು. ಗಿರಾಕಿಗಳು ಹೋಗುವವರೆಗೆ ಮೂಲೆಯಲ್ಲಿ ನಿಂತಳು.

“ನೀವು ಹೊಡೆದದ್ದಕ್ಕೇ ಅವಳು ಉಳಿದಳು. ಅದು ನನಗೆ ಗೊತ್ತು,” ಎಂದಳು ಯೂಲಿಯಾ. ಕೈ ಔಷಧಿ ಡಬ್ಬಿಗಳನ್ನು ಜೋಡಿಸುತ್ತಲೇ ಇತ್ತು.

“ಇನ್ಮೇಲೆ ಮಕ್ಕಳ ಅಡುಗೆ ನಾನೇ ಮಾಡ್ತೀನಿ. ಮೇಲಿನ ಮನೇಲಿ, ನನ್ನ ಕೈಯಲ್ಲೇ. ಮಿರ್ಸಿನಿಗೆ ಕೆಳಗೆ ಕಾಲಿಡೋಕೂ ಬಿಡಲ್ಲ.”

“ನೀವಿರೋದು ಒಂದೇ ಮನೇಲಿ ಅರ್ಗಿರೋ.” ಯೂಲಿಯಾ ಈಗ ಅವಳನ್ನು ನೋಡಿದಳು. ಕಣ್ಣು ಕೆಂಪಾಗಿತ್ತು. “ನಿಮ್ಮ ಮೇಲೆ ಬೇಜಾರಿಲ್ಲ ಕಣ್ರೀ. ಭಯ ಅಷ್ಟೇ.”

ಆ ಮಾತನ್ನು ಅರ್ಗಿರೋ ಎಷ್ಟು ಬಾಗಿಲುಗಳಲ್ಲಿ ಕೇಳಿದ್ದಳು! ಈ ಸಲ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಆ ಜಾಗದಲ್ಲಿ ತಾನಿದ್ದರೆ ಇದಕ್ಕಿಂತ ಮೊದಲೇ ಹೇಳುತ್ತಿದ್ದಳು.

ಕೇಕು ಬಹಳ ಉಳಿದಿತ್ತು. ಹಂಚೋಣವೆಂದರೆ ಊರಿನಲ್ಲಿ ಯಾರೂ ಆ ಮನೆಯದನ್ನು ಮುಟ್ಟುವ ಹಾಗಿರಲಿಲ್ಲ. ಎಸೆಯುವಂತಿಲ್ಲ. ದಿನವೂ ಊಟವಾದ ಮೇಲೆ ಝಂಬೆತಾ ಬಟ್ಟೆ ಬಿಚ್ಚಿ ಐದು ತುಂಡು ಕೊಯ್ದಿಡುತ್ತಿದ್ದಳು. ಐವರೂ ತಿನ್ನುತ್ತಿದ್ದರು. ಫನೂಲಾಳ ತಟ್ಟೆ ಆ ಹೊತ್ತಿಗೆ ಮಾತ್ರ ಮೇಜಿನ ತುದಿಯಿಂದ ನಡುವಿಗೆ ಬರುತ್ತಿತ್ತು.

“ಪಾಪ, ರುಚಿ ಮಾತ್ರ ಅಕ್ರೋಟಿನದಕ್ಕಿಂತ ಚೆನ್ನಾಗಿದೆ,” ಎಂದ ಥ್ರಾಸೋಸ್ ಒಂದು ದಿನ. ಯಾರೂ ನಗಲಿಲ್ಲ. “ಸುಳ್ಳು ಹೇಳ್ಲಾ?” ಎಂದು ತಟ್ಟೆಯ ಕಡೆ ತಲೆ ಬಾಗಿಸಿದ.

“ಕಚೇರಿಗೆ ಏನು ಹೇಳ್ದೆ?” ಎಂದು ಲೆಫ್ತೇರಿಸ್ ಹೆಂಡತಿಯನ್ನು ಕೇಳಿದ.

“ಈ ವರ್ಷ ಆಗಲ್ಲ ಅಂದೆ.”

“ಬೇರೆ ಯಾರಾದ್ರೂ…”

“ಯಾರು?”

ಝಂಬೆತಾ ಸೊಸೆಯ ತಟ್ಟೆಯ ಬಳಿಗೆ ನೀರಿನ ಲೋಟ ಸರಿಸಿದಳು. “ಬೇಕಾದ್ರೆ ನಾನು ನೋಡ್ಕೋತೀನಿ ಮಗೂನ,” ಎಂದಳು ಮೆಲ್ಲಗೆ. ಅರ್ಗಿರೋ ತಲೆಯೆತ್ತಿ ಅವಳನ್ನು ನೋಡಿದಳು. ಮುದುಕಿಯೇ ಕಣ್ಣು ಕೆಳಗೆ ಹಾಕಿದಳು.

ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಯಿತು. ಮಿರ್ಸಿನಿಯನ್ನು ಬೇರೆ ಬೆಂಚಿಗೆ ಕೂರಿಸಿದ್ದರು. ಮಧ್ಯಾಹ್ನ ಅರ್ಗಿರೋ ಶಾಲೆಯ ಗೇಟಿನಲ್ಲಿ ಕಾದು ಮಗಳನ್ನು ಕರೆತಂದಳು, ಹೋದ ವರ್ಷ ಕರೆತಂದ ಹಾಗೆಯೇ. ಅಂದು ಕೇಕಿನ ಕೊನೆಯ ತುಂಡು ಉಳಿದಿತ್ತು. ಗಟ್ಟಿಯಾಗಿ ಇಟ್ಟಿಗೆಯಂತಾಗಿದ್ದ ಅದನ್ನು ಝಂಬೆತಾ ಐದು ಭಾಗ ಮಾಡಿದಳು.

“ಅಜ್ಜಿ, ಪದ ಹೇಳಿ,” ಎಂದಳು ಫನೂಲಾ.

“ಬೇಡ ಮಗು. ಸುಮ್ಮನೆ ತಿನ್ನು.”

“ಹೇಳದೆ ತಿನ್ನಬಾರದು ಅಂತ ನೀವೇ ಹೇಳಿದ್ದು.”

ಮುದುಕಿ ಸೊಸೆಯ ಮುಖ ನೋಡಿದಳು. ಅರ್ಗಿರೋ ತನ್ನ ತುಂಡನ್ನು ಕೈಗೆತ್ತಿಕೊಂಡಳು. ಝಂಬೆತಾ ಮೆಲ್ಲನೆ ಶುರು ಮಾಡಿದಳು. ಹುಡುಗಿ ಒಂದೊಂದೇ ಬೆರಳು ಎತ್ತಿದಳು. ಎಂಟು ಸೋಡಾ, ಉಸಿರು ಬಿಟ್ಟದ್ದು. ಅಲ್ಲಿಗೆ ಪದ ನಿಂತಿತು. ಮೇಜಿನ ಮೇಲೆ ನೊಣವೊಂದು ಸುತ್ತುತ್ತಿತ್ತು.

“ಒಂಬತ್ತಕ್ಕೆ ಏನಜ್ಜಿ?”

“ಒಂಬತ್ತಕ್ಕೆ ಏನೂ ಇಲ್ಲ.”

“ಏನೂ ಇಲ್ಲ ಅಂದ್ರೂ ಬೆರಳು ಎತ್ತಬೇಕಾ?”

ಝಂಬೆತಾ ಮತ್ತೆ ಸೊಸೆಯ ಕಡೆ ತಿರುಗಿದಳು.

“ಎತ್ತಬೇಕು,” ಎಂದಳು ಅರ್ಗಿರೋ.

ಹುಡುಗಿ ಎತ್ತಿದಳು. ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡು, ಪದ ಮುಂದೆ ಹೋಗಲೆಂದು ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತ ಕಾದಳು.